ನೆಲುವು ಹೆಣೆದ ಕೈಗಳಿಗೆ ನ್ಯಾಯವಾದ ಬೆಲೆ

ಮೇ 1ರಂದು ನಾವು ಶ್ರಮಜೀವಿ ಸಂತ ಜೋಸೆಫರ ಹಬ್ಬವನ್ನು ಆಚರಿಸುತ್ತೇವೆ. ಜಗತ್ತಿನ ಕಾರ್ಮಿಕರು ತಮ್ಮದೆಂದು ಆಚರಿಸುವ ದಿನವನ್ನೇ ಆರಿಸಿಕೊಂಡು 1955ರಲ್ಲಿ ಜಗದ್ಗುರು ಹನ್ನೆರಡನೆಯ ಪಯಸ್ಸರು ಈ ಹಬ್ಬವನ್ನು ಸ್ಥಾಪಿಸಿದರು. ಅಂದಿನ ಪ್ರಬೋಧನೆಗಳಲ್ಲಿ ಜೋಸೆಫರ ಉಳಿ, ಬಾಚಿ, ಗರಗಸಗಳ ಮಾತು ಬರುತ್ತದೆ. ಬೆವರಿನ ಹಿರಿಮೆಯ ಮಾತು ಬರುತ್ತದೆ. ಅದೆಲ್ಲ ಸರಿಯೇ. ಆದರೆ ಒಂದು ಪ್ರಶ್ನೆಯನ್ನು ನಾವು ಅಷ್ಟಾಗಿ ಕೇಳಿಕೊಳ್ಳುವುದಿಲ್ಲ. ಜೋಸೆಫರಿಂದ ನೊಗವನ್ನೋ ಬಾಗಿಲನ್ನೋ ಮಾಡಿಸಿಕೊಂಡವರು ಅವರ ಕೈಗೆ ಎಷ್ಟು ಹಣ ಕೊಟ್ಟರು?

ಶುಭಸಂದೇಶದಲ್ಲಿ ಇದಕ್ಕೆ ನೇರ ಉತ್ತರವಿಲ್ಲ. ಒಂದು ಸುಳಿವು ಮಾತ್ರ ಇದೆ. ಬಾಲಯೇಸುವನ್ನು ದೇವಾಲಯದಲ್ಲಿ ಸಮರ್ಪಿಸಿದಾಗ ಮರಿಯಮ್ಮನವರೂ ಜೋಸೆಫರೂ ಅರ್ಪಿಸಿದ್ದು ಕುರಿಮರಿಯ ಬದಲು ಬಡವರಿಗೆ ವಿಧಿಸಿದ್ದ ಜೋಡಿ ಹಕ್ಕಿಗಳನ್ನು. ಅಂದರೆ ಆ ಮನೆಯಲ್ಲಿ ದುಡಿಮೆಯಿತ್ತು, ಹಣವಿರಲಿಲ್ಲ. ಊರಿನವರು ಯಾರಾದರೂ ಚೌಕಾಸಿ ಮಾಡಿ ನಾಲ್ಕು ಕಾಸು ಉಳಿಸಿಕೊಂಡ ದಿನ ಆ ಮನೆಯಲ್ಲಿ ರೊಟ್ಟಿ ಕಡಿಮೆಯಾಗಿರಲೇಬೇಕು. ಕುಶಲಕರ್ಮಿಗೆ ಕೊಡುವ ಬೆಲೆಯೆಂದರೆ ಅವನ ಮಗುವಿನ ಊಟ.

ಈ ಪಾಠವನ್ನು ಧರ್ಮಸಭೆ ನಮ್ಮ ಕಾಲದಲ್ಲಿ ಹೇಗೆ ಕೈಯಾರೆ ಮಾಡಿ ಕಲಿಯಿತು ಎಂಬುದಕ್ಕೆ ನೆರೆಯ ಬಾಂಗ್ಲಾದೇಶದಲ್ಲಿ ಒಂದು ಚರಿತ್ರೆಯಿದೆ. ಆ ಚರಿತ್ರೆಯ ನಡುವೆ ಇರುವುದು ನಮ್ಮ ಅಜ್ಜಿಯಂದಿರು ಚೆನ್ನಾಗಿ ಬಲ್ಲ ಒಂದು ವಸ್ತು. ಅದೇ ನೆಲುವು.

ಅಡುಗೆಮನೆಯ ನೆಲುವು

ಫ್ರಿಜ್ಜು ಬರುವ ಮುಂಚೆ ಹಳ್ಳಿಯ ಅಡುಗೆಮನೆಗಳಲ್ಲಿ ತೊಲೆಗೆ ಒಂದು ಹಗ್ಗದ ಬಲೆ ತೂಗುತ್ತಿತ್ತು. ಹಾಲು, ಮೊಸರು, ಬೆಣ್ಣೆಯ ಗಡಿಗೆಗಳನ್ನು ಅದರಲ್ಲಿ ಒಂದರ ಮೇಲೊಂದು ಇಡುತ್ತಿದ್ದರು. ಬೆಕ್ಕಿಗೆ ಎಟುಕದು, ಇಲಿ ಹತ್ತದು, ಇರುವೆ ಮುತ್ತದು. ಅದನ್ನೇ ನೆಲುವು ಎನ್ನುತ್ತೇವೆ. ಕರಾವಳಿಯ ಕಡೆ ಸಿಕ್ಕ ಎನ್ನುವವರೂ ಇದ್ದಾರೆ.

ಬಂಗಾಳಿಗಳು ಇದನ್ನು ಶಿಕಾ ಎನ್ನುತ್ತಾರೆ. ಸಂಸ್ಕೃತದ ಶಿಕ್ಯ ಎಂಬ ಪದದಿಂದ ಬಂದ ಹೆಸರು ಅದು. ನದಿಗಳು ಉಕ್ಕಿ ಹರಿಯುವ ಆ ನಾಡಿನಲ್ಲಿ ಗುಡಿಸಲಿನ ನೆಲಕ್ಕೆ ನೀರು ಬರುವುದು ಅಪರೂಪವೇನಲ್ಲ. ಆಗ ಮನೆಯಲ್ಲಿರುವ ನಾಲ್ಕು ಪಾತ್ರೆ, ಕಾಳುಕಡ್ಡಿಗಳನ್ನು ಕಾಪಾಡುವುದು ಮೇಲೆ ತೂಗುವ ಶಿಕಾ. ಅದನ್ನು ಅಂಗಡಿಯಲ್ಲಿ ಕೊಳ್ಳುವ ಪದ್ಧತಿ ಇರಲಿಲ್ಲ. ಹೊಲದಲ್ಲಿ ಬೆಳೆದ ಸೆಣಬಿನಿಂದ ತಾಯಿ ಹೆಣೆಯುತ್ತಿದ್ದಳು, ಮಗಳು ನೋಡಿ ಕಲಿಯುತ್ತಿದ್ದಳು. ಗಂಟು, ಜಡೆ, ಕುಚ್ಚು ಹಾಕಿ ಅದಕ್ಕೆ ಚೆಂದ ಕೊಡುತ್ತಿದ್ದಳು. ಈ ಜಾಣ್ಮೆಗೆ ಹಣ ಬರುತ್ತದೆಂದು ಯಾರೂ ಎಣಿಸಿರಲಿಲ್ಲ.

ಚಿನ್ನದ ನಾರು, ಬರಿಗೈ ರೈತ

ಬಂಗಾಳದಲ್ಲಿ ಸೆಣಬಿಗೆ ಚಿನ್ನದ ನಾರು ಎಂದು ಹೆಸರು. ಗಿಡಗಳನ್ನು ಕೊಯ್ದು, ಕಟ್ಟು ಕಟ್ಟಿ, ಎರಡು ಮೂರು ವಾರ ನೀರಿನಲ್ಲಿ ಕೊಳೆಹಾಕಬೇಕು. ಆಮೇಲೆ ಸೊಂಟಮಟ್ಟ ನೀರಿನಲ್ಲಿ ನಿಂತು ದಂಟಿನಿಂದ ನಾರನ್ನು ಸುಲಿದು, ತೊಳೆದು, ಬಿಸಿಲಿಗೆ ಒಣಹಾಕಬೇಕು. ಮೈಮುರಿಯುವ ಕೆಲಸ. ಆದರೆ ಚಿನ್ನ ಹೋಗುತ್ತಿದ್ದುದು ಬೇರೆಯವರ ಮನೆಗೆ.

1830ರ ದಶಕದಲ್ಲಿ ಸ್ಕಾಟ್ಲೆಂಡಿನ ಡಂಡಿ ಪಟ್ಟಣದವರು ತಿಮಿಂಗಿಲದ ಎಣ್ಣೆಯಿಂದ ಸೆಣಬನ್ನು ಮೆದುಮಾಡಿ ಯಂತ್ರದಲ್ಲಿ ನೂಲುವುದನ್ನು ಕಲಿತರು. ಬಂಗಾಳದ ನಾರು ಹಡಗು ಹತ್ತಿ ಹೋಗಿ, ಡಂಡಿಯಲ್ಲಿ ಗೋಣಿಚೀಲವಾಗಿ ಜಗತ್ತಿಗೆಲ್ಲ ಮಾರಾಟವಾಯಿತು. 1855ರಲ್ಲಿ ಕಲ್ಕತ್ತೆಯ ಬಳಿ ಹೂಗ್ಲಿ ನದಿಯ ದಡದ ರಿಶ್ರಾದಲ್ಲಿ ಭಾರತದ ಮೊದಲ ಸೆಣಬಿನ ಗಿರಣಿ ಆರಂಭವಾಯಿತು. 1947ರ ವಿಭಜನೆಯಲ್ಲಿ ಗಿರಣಿಗಳು ಭಾರತದ ಪಾಲಿಗೆ ಬಂದವು, ಒಳ್ಳೆಯ ಸೆಣಬಿನ ಹೊಲಗಳು ಪೂರ್ವ ಪಾಕಿಸ್ತಾನಕ್ಕೆ ಹೋದವು. ಅಲ್ಲಿಯೂ ಬೇಗನೆ ಗಿರಣಿಗಳು ಎದ್ದವು. ಢಾಕಾದ ಹತ್ತಿರ ನಾರಾಯಣಗಂಜಿನ ಆದಂಜಿ ಗಿರಣಿ ಜಗತ್ತಿನಲ್ಲೇ ದೊಡ್ಡದೆಂದು ಹೆಸರಾಯಿತು. ಮುಂದೆ ಪ್ಲಾಸ್ಟಿಕ್ ಚೀಲ ಬಂದು ಸೆಣಬಿನ ಬೇಡಿಕೆ ಕುಸಿಯಿತು. 2002ರಲ್ಲಿ ಆ ಗಿರಣಿಯೂ ಮುಚ್ಚಿತು.

ಈ ನೂರೈವತ್ತು ವರ್ಷಗಳಲ್ಲಿ ಮಾಲೀಕರು ಬದಲಾದರು, ಧ್ವಜಗಳು ಬದಲಾದವು. ನೀರಿನಲ್ಲಿ ನಿಂತು ನಾರು ಸುಲಿದವನ ಪಾಡು ಮಾತ್ರ ಅಷ್ಟಾಗಿ ಬದಲಾಗಲಿಲ್ಲ. ಕಚ್ಚಾ ಸರಕನ್ನು ಮಾರುವವನಿಗೆ ಕಡಿಮೆ, ಅದನ್ನು ವಸ್ತುವಾಗಿ ಮಾಡಿ ಮಾರುವವನಿಗೆ ಹೆಚ್ಚು. ವ್ಯಾಪಾರದ ಈ ನಿಯಮವನ್ನು ನೆನಪಿನಲ್ಲಿಟ್ಟುಕೊಂಡು ಮುಂದೆ ಓದಬೇಕು.

ಚಂಡಮಾರುತ, ಯುದ್ಧ, ವಿಧವೆಯರು

1970ರ ನವೆಂಬರ್ 12ರ ರಾತ್ರಿ ಬಂಗಾಳ ಕೊಲ್ಲಿಯಿಂದ ಎದ್ದ ಭೋಲಾ ಚಂಡಮಾರುತ ಪೂರ್ವ ಪಾಕಿಸ್ತಾನದ ಕರಾವಳಿಯನ್ನು ಅಪ್ಪಳಿಸಿತು. ಸತ್ತವರ ಲೆಕ್ಕ 3 ಲಕ್ಷದಿಂದ 5 ಲಕ್ಷದವರೆಗೆ ಇದೆ. ಸಂತ್ರಸ್ತರ ನೆರವಿಗಾಗಿ ಅಲ್ಲಿಯ ಕಥೋಲಿಕ ಧರ್ಮಸಭೆ ತನ್ನ ಕಾರಿತಾಸ್ ಶಾಖೆಯನ್ನು ಹೊಸದಾಗಿ ಸಂಘಟಿಸಿತು. ಕ್ರೈಸ್ತ ಪರಿಹಾರ ಮತ್ತು ಪುನರ್ವಸತಿ ಸಂಸ್ಥೆ ಎಂಬ ಅರ್ಥದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ ಅದನ್ನು 'ಕೋರ್' ಎಂದು ಕರೆದರು.

ಒಂದು ಗಾಯ ಒಣಗುವ ಮೊದಲೇ ಇನ್ನೊಂದು ಗಾಯವಾಯಿತು. 1971ರ ಮಾರ್ಚಿನಿಂದ ಡಿಸೆಂಬರ್ 16ರವರೆಗೆ ಬಾಂಗ್ಲಾದೇಶದ ವಿಮೋಚನಾ ಯುದ್ಧ ನಡೆಯಿತು. ಸುಮಾರು 1 ಕೋಟಿ ಜನ ನಿರಾಶ್ರಿತರಾಗಿ ಭಾರತಕ್ಕೆ ಬಂದರು. ಅವರು ಹಿಂದಿರುಗಿ ಹೋದಾಗ ಮನೆ ಸುಟ್ಟಿತ್ತು, ಎತ್ತು ಇರಲಿಲ್ಲ, ಎಷ್ಟೋ ಮನೆಗಳಲ್ಲಿ ಗಂಡಸೇ ಇರಲಿಲ್ಲ. ಯುದ್ಧದಲ್ಲಿ ಸೈನಿಕರ ಅತ್ಯಾಚಾರಕ್ಕೆ ಗುರಿಯಾದ ಹೆಂಗಸರನ್ನು ಅವರ ಮನೆಯವರೇ ಒಳಗೆ ಸೇರಿಸಲು ಹಿಂಜರಿದರು. 1972ರಲ್ಲಿ ಮದರ್ ತೆರೇಸಾರವರ ಕನ್ಯಾಸ್ತ್ರೀಯರು ಢಾಕಾಕ್ಕೆ ಹೋಗಿ ಇಂತಹ ತಾಯಂದಿರ ಸೇವೆಗೆ ನಿಂತರು.

ಆಗ ಢಾಕಾದ ಮಹಾಧರ್ಮಾಧ್ಯಕ್ಷರಾಗಿದ್ದವರು ಥಿಯೊಟೋನಿಯಸ್ ಅಮಲ್ ಗಂಗೂಲಿ. ಬಂಗಾಳಿಗಳಲ್ಲಿ ಧರ್ಮಾಧ್ಯಕ್ಷರಾದ ಮೊದಲಿಗರು. ಅವರನ್ನು ಧರ್ಮಸಭೆ 2006ರಲ್ಲಿ ದೇವರ ಸೇವಕರೆಂದು ಘೋಷಿಸಿತು. ಅವರ ಮಂದೆ ಚಿಕ್ಕದು. ಆ ದೇಶದಲ್ಲಿ ಕ್ರೈಸ್ತರು ನೂರಕ್ಕೆ ಒಬ್ಬರೂ ಇಲ್ಲ. ಆದರೂ ಅಕ್ಕಿ, ಬಟ್ಟೆ, ಔಷಧಗಳನ್ನು ಹಂಚುವಾಗ ಯಾರ ಜಾತಿ ಧರ್ಮವನ್ನೂ ಕೇಳಲಿಲ್ಲ.

ಅಕ್ಕಿ ಹಂಚುವುದು ಅಂದಿನ ಅಗತ್ಯವಾಗಿತ್ತು. ಆದರೆ ಅಕ್ಕಿ ಮುಗಿದ ಮೇಲೆ? ಚಿಕ್ಕ ಮಕ್ಕಳನ್ನು ಬಗಲಲ್ಲಿಟ್ಟುಕೊಂಡ ಹೆಂಗಸು ದೂರದ ಊರಿಗೆ ಕೂಲಿಗೆ ಹೋಗುವಂತಿರಲಿಲ್ಲ. ಓದುಬರಹ ಇರಲಿಲ್ಲ, ಜಮೀನು ಇರಲಿಲ್ಲ. ಎಷ್ಟು ದಿನ ಅವಳು ಸಾಲಿನಲ್ಲಿ ನಿಂತು ಕೈಯೊಡ್ಡಬೇಕು?

ಎಲೀಷನ ಪ್ರಶ್ನೆ

ಅರಸುಗಳ ಎರಡನೆಯ ಗ್ರಂಥದ ನಾಲ್ಕನೆಯ ಅಧ್ಯಾಯದಲ್ಲಿ ಒಬ್ಬ ವಿಧವೆಯ ಕಥೆ ಬರುತ್ತದೆ. ಗಂಡ ಸಾಲ ಬಿಟ್ಟು ಸತ್ತಿದ್ದಾನೆ. ಸಾಲಗಾರ ಅವಳ ಇಬ್ಬರು ಗಂಡುಮಕ್ಕಳನ್ನು ಜೀತಕ್ಕೆ ಒಯ್ಯಲು ಬಂದಿದ್ದಾನೆ. ಅವಳು ಪ್ರವಾದಿ ಎಲೀಷನ ಬಳಿ ಬಂದು ಗೋಳಿಡುತ್ತಾಳೆ. ಪ್ರವಾದಿ ಅವಳ ಕೈಗೆ ಹಣ ಕೊಡುವುದಿಲ್ಲ. ಮನೆಯಲ್ಲಿ ಏನಿದೆ ಎಂದು ಕೇಳುತ್ತಾನೆ. ಒಂದು ಕುಡಿಕೆ ಎಣ್ಣೆಯ ಹೊರತು ಏನೂ ಇಲ್ಲ ಎನ್ನುತ್ತಾಳೆ. ನೆರೆಮನೆಗಳಿಂದ ಖಾಲಿ ಪಾತ್ರೆ ತರಿಸಿ ಆ ಎಣ್ಣೆಯನ್ನೇ ಹೊಯ್ಯಲು ಹೇಳುತ್ತಾನೆ. ಪಾತ್ರೆಗಳೆಲ್ಲ ತುಂಬುತ್ತವೆ. ಆಮೇಲೆ ಅವನು ಹೇಳುವ ಮಾತು ಗಮನಿಸಬೇಕಾದದ್ದು. ಎಣ್ಣೆಯನ್ನು ಮಾರಿ ಸಾಲ ತೀರಿಸು, ಉಳಿದದ್ದರಲ್ಲಿ ನೀನೂ ಮಕ್ಕಳೂ ಬದುಕಿಕೊಳ್ಳಿ ಎನ್ನುತ್ತಾನೆ. ದೇವರ ಅದ್ಭುತವೇ ಒಬ್ಬ ಬಡ ವಿಧವೆಯನ್ನು ವ್ಯಾಪಾರಕ್ಕೆ ಹಚ್ಚಿತು. ಅವಳು ತನ್ನ ಸಾಲವನ್ನು ತಾನೇ ತೀರಿಸಿ ತಲೆಯೆತ್ತಿ ನಿಂತಳು.

ಬಾಂಗ್ಲಾದೇಶದಲ್ಲೂ ಪ್ರಶ್ನೆ ಅದೇ ಆಗಿತ್ತು. ಈ ಹೆಂಗಸರ ಮನೆಯಲ್ಲಿ ಏನಿದೆ? ಸೆಣಬಿದೆ. ಅದನ್ನು ಹೆಣೆಯಬಲ್ಲ ಬೆರಳುಗಳಿವೆ. ತೊಲೆಯಲ್ಲಿ ಶಿಕಾ ತೂಗುತ್ತಿದೆ.

1973ರಲ್ಲಿ 'ಕೋರ್ - ದಿ ಜೂಟ್ ವರ್ಕ್ಸ್' ಎಂಬ ಸಂಸ್ಥೆ ಢಾಕಾದಲ್ಲಿ ಹುಟ್ಟಿತು. ಹಳ್ಳಿಯ ಬಡ ಹೆಂಗಸರು ಗುಂಪು ಕಟ್ಟಿಕೊಂಡು ತಮ್ಮ ಮನೆಯಂಗಳದಲ್ಲೇ ಕುಳಿತು ಹೆಣೆಯುವುದು, ಸಂಸ್ಥೆ ಅವರಿಗೆ ಬೇಡಿಕೆ ತಂದುಕೊಟ್ಟು, ಅಳತೆ ಮತ್ತು ಗುಣಮಟ್ಟ ನೋಡಿ, ಹೊರದೇಶಕ್ಕೆ ಕಳುಹಿಸುವುದು. ಇದಕ್ಕೆ ಗಿರಣಿ ಬೇಕಿರಲಿಲ್ಲ, ಯಂತ್ರ ಬೇಕಿರಲಿಲ್ಲ, ಮಗುವನ್ನು ಬಿಟ್ಟುಹೋಗಬೇಕಿರಲಿಲ್ಲ. ಮುಸ್ಲಿಮರು, ಹಿಂದೂಗಳು, ಕ್ರೈಸ್ತರು, ಆದಿವಾಸಿಗಳು ಎಲ್ಲರೂ ಸೇರಿದರು. 1976ರಲ್ಲಿ ಮಾತೃಸಂಸ್ಥೆಯ ಹೆಸರು ಕಾರಿತಾಸ್ ಬಾಂಗ್ಲಾದೇಶ್ ಎಂದಾಯಿತು. ಸೆಣಬಿನ ಸಂಸ್ಥೆ ಹಳೆಯ ಹೆಸರಿನಲ್ಲೇ ಮುಂದುವರಿಯಿತು.

ಹಿಂದೆ ಹೇಳಿದ ವ್ಯಾಪಾರದ ನಿಯಮವನ್ನು ಇಲ್ಲಿ ನೆನೆಯಬೇಕು. ನೂರೈವತ್ತು ವರ್ಷ ಕಚ್ಚಾ ನಾರನ್ನು ಮಾತ್ರ ಮಾರುತ್ತಿದ್ದ ಊರುಗಳಿಂದ ಈಗ ಮುಗಿದ ವಸ್ತು ಹೊರಟಿತು. ಅದನ್ನು ಮುಗಿಸಿದ್ದು ಊರಿನಲ್ಲೇ ತೀರಾ ಬಡವಳಾದ ಹೆಂಗಸು.

ಕೊಳ್ಳುವವರ ದಾರಿ

ವಸ್ತು ಸಿದ್ಧವಾದರೆ ಸಾಲದು, ಕೊಳ್ಳುವವರು ಬೇಕು. ಆ ದಾರಿಯನ್ನು ಅಷ್ಟರಲ್ಲಿ ಬೇರೆ ಬೇರೆ ದೇಶಗಳ ಸಾಮಾನ್ಯ ಕ್ರೈಸ್ತರು ತೆರೆದಿದ್ದರು.

1946ರಲ್ಲಿ ಅಮೆರಿಕದ ಎಡ್ನಾ ರೂತ್ ಬೈಲರ್ ಎಂಬ ಗೃಹಿಣಿ ಪೋರ್ಟೊ ರಿಕೊ ದ್ವೀಪಕ್ಕೆ ಹೋಗಿದ್ದರು. ಅವರು ಮೆನ್ನೊನೈಟ್ ಎಂಬ ಪ್ರೊಟೆಸ್ಟಂಟ್ ಪಂಗಡಕ್ಕೆ ಸೇರಿದವರು. ಅಲ್ಲಿಯ ಬಡ ಹೆಂಗಸರು ಬಹಳ ಚೆಂದವಾಗಿ ಕಸೂತಿ ಹಾಕುತ್ತಿದ್ದರು, ಆದರೆ ಅದನ್ನು ಕೊಳ್ಳುವವರಿರಲಿಲ್ಲ. ಬೈಲರ್ ಆ ಬಟ್ಟೆಗಳನ್ನು ಕೊಂಡು ತಂದು ಪೆನ್ಸಿಲ್ವೇನಿಯಾದ ತಮ್ಮ ಊರಿನ ಗೆಳತಿಯರಿಗೆ ತೋರಿಸಿದರು. ಕಾರಿನ ಡಿಕ್ಕಿಯಲ್ಲಿ ತುಂಬಿಕೊಂಡು ಊರಿಂದೂರಿಗೆ ಹೋಗಿ ಮಾರಿದರು, ಹಣವನ್ನು ಹೆಣೆದವರಿಗೆ ಮುಟ್ಟಿಸಿದರು. ಮುಂದೆ ಪ್ಯಾಲೆಸ್ತೀನಿನ ನಿರಾಶ್ರಿತ ಹೆಂಗಸರ ಕಸೂತಿಯೂ, ಹೈಟಿಯ ಮರದ ಕೆತ್ತನೆಯೂ ಅವರ ಮನೆಯ ನೆಲಮಾಳಿಗೆಯ ಅಂಗಡಿಗೆ ಬಂದವು. ಆ ಅಂಗಡಿಯೇ ಬೆಳೆದು 'ಟೆನ್ ಥೌಸಂಡ್ ವಿಲೇಜಸ್' ಎಂಬ ಹೆಸರಾಂತ ಸಂಸ್ಥೆಯಾಯಿತು. 1949ರಲ್ಲಿ ಬ್ರೆದ್ರನ್ ಪಂಗಡದವರು ಯುದ್ಧದಲ್ಲಿ ಮನೆಮಠ ಕಳೆದುಕೊಂಡ ಜರ್ಮನ್ ನಿರಾಶ್ರಿತರ ಮರದ ಗಡಿಯಾರಗಳನ್ನು ಮಾರಲು 'ಸರ್ವ್' ಎಂಬ ಸಂಸ್ಥೆ ಕಟ್ಟಿದರು.

ನೆದರ್ಲೆಂಡಿನ ಕೆರ್ಕ್ರಾಡೆ ಎಂಬ ಕಲ್ಲಿದ್ದಲು ಗಣಿಯ ಊರಿನಲ್ಲಿ 1959ರಲ್ಲಿ ಕೆಲವು ಕಥೋಲಿಕ ಯುವಕರು ಒಟ್ಟುಸೇರಿದರು. ಬಡ ಪ್ರದೇಶಗಳಿಗೆ ಹಾಲಿನ ಪುಡಿ ಕಳುಹಿಸುವ ಕೆಲಸದಿಂದ ಅವರು ಆರಂಭಿಸಿದರು. ಕೆಲವು ವರ್ಷಗಳಲ್ಲಿ, ಹಾಲಿನ ಪುಡಿಗಿಂತ ಆ ಜನರ ವಸ್ತುಗಳನ್ನು ಕೊಳ್ಳುವುದೇ ಲೇಸು ಎಂಬ ತಿಳಿವಳಿಕೆ ಬಂದು ಕೈಕೆಲಸದ ಆಮದು ಆರಂಭಿಸಿದರು. 1968ರಲ್ಲಿ ನಮ್ಮ ದೆಹಲಿಯಲ್ಲಿ ವಿಶ್ವಸಂಸ್ಥೆಯ ವ್ಯಾಪಾರ ಸಮ್ಮೇಳನ ನಡೆದಾಗ ಬಡ ದೇಶಗಳು ಕೇಳಿದ್ದೂ ಇದನ್ನೇ. ನಮಗೆ ನೆರವು ಸಾಲದು, ನಮ್ಮೊಂದಿಗೆ ಸರಿಯಾದ ವ್ಯಾಪಾರ ಮಾಡಿ ಎಂದವು. ಮರುವರ್ಷ ನೆದರ್ಲೆಂಡಿನ ಬ್ರೂಕೆಲೆನ್ ಊರಿನಲ್ಲಿ ಇಂತಹ ವಸ್ತುಗಳಿಗಾಗಿಯೇ ಒಂದು ಅಂಗಡಿ ತೆರೆಯಿತು. ಅಂತಹವು ಯುರೋಪಿನಾದ್ಯಂತ ಹಬ್ಬಿದವು.

ಬಾಂಗ್ಲಾದೇಶದ ಶಿಕಾ ಈ ದಾರಿಯಲ್ಲೇ ನಡೆಯಿತು. 1970ರ ದಶಕದಲ್ಲಿ ಪಶ್ಚಿಮದ ಮನೆಗಳಲ್ಲಿ ಹಗ್ಗದ ಗಂಟುಗಳಿಂದ ಮಾಡಿದ ವಸ್ತುಗಳ ಮೋಹ ಹುಟ್ಟಿತ್ತು. ಕಿಟಕಿಯ ಬಳಿ ಹೂಕುಂಡವನ್ನು ತೂಗುಹಾಕಲು ಶಿಕಾ ಹೇಳಿಮಾಡಿಸಿದಂತಿತ್ತು. ಬಂಗಾಳದ ಮೊಸರಿನ ಗಡಿಗೆ ಇದ್ದಲ್ಲಿ ಲಂಡನ್ನಿನ ಹೂಕುಂಡ ಕುಳಿತಿತು. 1979ರಲ್ಲಿ ಇಂಗ್ಲೆಂಡಿನ ಕ್ರೈಸ್ತರು ಆರಂಭಿಸಿದ 'ಟ್ರೇಡ್‌ಕ್ರಾಫ್ಟ್' ಸಂಸ್ಥೆಯ ಮೊದಲ ಸರಕುಗಳಲ್ಲೂ ಬಾಂಗ್ಲಾದೇಶದ ಸೆಣಬಿನ ಕೈಕೆಲಸ ಇತ್ತು. ಭಾನುವಾರದ ಆರಾಧನೆ ಮುಗಿದ ಮೇಲೆ ಚರ್ಚಿನ ಹಿಂಬದಿಯಲ್ಲಿ ಒಂದು ಮೇಜು ಹಾಕಿ ಸ್ವಯಂಸೇವಕರು ಮಾರುತ್ತಿದ್ದರು.

ನ್ಯಾಯವಾದ ಬೆಲೆ ಎಂದರೇನು?

ಇಲ್ಲಿ ಒಂದು ಸಂಶಯ ಬರಬಹುದು. ಕೊಳ್ಳುವವನೂ ಒಪ್ಪಿದ, ಮಾರುವವನೂ ಒಪ್ಪಿದ. ಇಬ್ಬರೂ ಒಪ್ಪಿದ ಮೇಲೆ ಅನ್ಯಾಯ ಎಲ್ಲಿಂದ ಬಂತು?

ಈ ಪ್ರಶ್ನೆಗೆ ಧರ್ಮಸಭೆ ಬಹಳ ಹಿಂದೆಯೇ ಉತ್ತರ ಕೊಟ್ಟಿದೆ. 1891ರ ಮೇ 15ರಂದು ಜಗದ್ಗುರು ಹದಿಮೂರನೆಯ ಲಿಯೋ ಅವರು ಹೊರಡಿಸಿದ 'ರೇರುಮ್ ನೊವಾರುಮ್' ವಿಶ್ವಪತ್ರ ಕಾರ್ಮಿಕನ ಕೂಲಿಯ ವಿಷಯದಲ್ಲಿ ಇದನ್ನು ವಿವರಿಸಿತು. ಹೊಟ್ಟೆಗಿಲ್ಲದವನು ಎಷ್ಟು ಕಡಿಮೆಗೂ ಒಪ್ಪುತ್ತಾನೆ. ಆ ಒಪ್ಪಿಗೆ ಅವನ ಹಸಿವಿನದು. ಆದ್ದರಿಂದ ಒಪ್ಪಿಗೆಯೊಂದೇ ಕೂಲಿಯನ್ನು ನ್ಯಾಯವಾಗಿಸದು. 1967ರ ಪಾಸ್ಖ ಹಬ್ಬದಂದು, ಮಾರ್ಚ್ 26ರಂದು, ಜಗದ್ಗುರು ಆರನೆಯ ಪೌಲರು 'ಪೊಪುಲೋರುಂ ಪ್ರೊಗ್ರೆಸ್ಸಿಯೊ' ವಿಶ್ವಪತ್ರದಲ್ಲಿ ಇದೇ ತತ್ವವನ್ನು ದೇಶದೇಶಗಳ ವ್ಯಾಪಾರಕ್ಕೂ ಅನ್ವಯಿಸಿದರು. ಬಲಿಷ್ಠನೂ ದುರ್ಬಲನೂ ಎದುರುಬದುರಾಗಿ ಕುಳಿತಾಗ ಮಾರುಕಟ್ಟೆ ಕಟ್ಟುವ ಬೆಲೆ ತಾನಾಗಿಯೇ ನ್ಯಾಯವಾಗುವುದಿಲ್ಲ ಎಂಬುದು ಅವರ ಬೋಧನೆ. 2009ರಲ್ಲಿ ಜಗದ್ಗುರು ಹದಿನಾರನೆಯ ಬೆನೆಡಿಕ್ಟರು 'ಕಾರಿತಾಸ್ ಇನ್ ವೆರಿತಾತೆ' ವಿಶ್ವಪತ್ರದಲ್ಲಿ ಕೊಳ್ಳುವವರ ಕಡೆಗೆ ತಿರುಗಿದರು. ಕೊಳ್ಳುವುದು ಹಣದ ಲೆಕ್ಕ ಮಾತ್ರವಲ್ಲ, ಪ್ರತಿ ಸಲವೂ ಅದು ನೈತಿಕ ಕ್ರಿಯೆ ಎಂದು ಕಲಿಸಿದರು.

ಹಾಗಾದರೆ ಬೆಲೆ ಕಟ್ಟುವುದು ಹೇಗೆ? ಲೆಕ್ಕ ಸರಳವಾಗಿದೆ. ಒಂದು ನೆಲುವಿಗೆ ಎಷ್ಟು ಸೆಣಬು ಬೇಕು, ಎಷ್ಟು ಗಂಟೆಯ ಕೆಲಸ, ಆ ಊರಿನಲ್ಲಿ ಮಾನದಿಂದ ಬಾಳಲು ಅಷ್ಟು ಗಂಟೆಗೆ ಎಷ್ಟು ಕೂಲಿ ಬರಬೇಕು ಎಂಬುದನ್ನು ಹೆಣೆದವರ ಜೊತೆಯಲ್ಲೇ ಕುಳಿತು ಗೊತ್ತುಮಾಡಬೇಕು. ಕೈಕೆಲಸದವರು ಕೇಳಿದರೆ ಬೆಲೆಯ ಅರ್ಧದಷ್ಟನ್ನಾದರೂ ಬಡ್ಡಿಯಿಲ್ಲದೆ ಮುಂಗಡ ಕೊಡಬೇಕು. ಮುಂಗಡ ಸಿಗದವಳು ಕಚ್ಚಾ ಸಾಮಗ್ರಿಗಾಗಿ ಬಡ್ಡಿಯವನ ಮನೆಗೆ ಹೋಗುತ್ತಾಳೆ. ಆಮೇಲೆ ಬೆಲೆ ಎಷ್ಟೇ ಬಂದರೂ ಬಡ್ಡಿಯೇ ತಿನ್ನುತ್ತದೆ. ಹೆಂಗಸು ಗಂಡಸಿನ ಒಂದೇ ಕೆಲಸಕ್ಕೆ ಒಂದೇ ಕೂಲಿ ಇರಬೇಕು. ಮಕ್ಕಳನ್ನು ಶಾಲೆ ಬಿಡಿಸಿ ದುಡಿಸಬಾರದು. ಒಂದು ವರ್ಷ ಕೊಂಡು ಮರುವರ್ಷ ಕೈಬಿಡಬಾರದು. 1989ರಲ್ಲಿ ಹುಟ್ಟಿದ ವಿಶ್ವ ನ್ಯಾಯಯುತ ವ್ಯಾಪಾರ ಸಂಘಟನೆ ಇಂತಹ ಹತ್ತು ತತ್ವಗಳನ್ನು ಇಟ್ಟುಕೊಂಡಿದೆ. ಮೇ ತಿಂಗಳ ಎರಡನೆಯ ಶನಿವಾರ ಅದರ ದಿನಾಚರಣೆ.

ನಾವು ಕೊಟ್ಟ ಹಣವೆಲ್ಲ ಹೆಣೆದವಳ ಕೈಗೇ ಹೋಗುತ್ತದೆಂದು ತಿಳಿಯುವುದೂ ತಪ್ಪು. ಸಾಗಣೆ, ತೆರಿಗೆ, ಅಂಗಡಿಯ ಬಾಡಿಗೆ ಎಲ್ಲ ಅದರಲ್ಲಿ ಸೇರಿವೆ. ನ್ಯಾಯದ ಮಾತು ಇಷ್ಟೇ. ಮೊದಲು ಅವಳ ಕೂಲಿಯನ್ನು ಗೊತ್ತುಮಾಡಿ ಆಮೇಲೆ ಉಳಿದ ಲೆಕ್ಕ ಹಾಕಬೇಕು. ಸಾಮಾನ್ಯ ವ್ಯಾಪಾರದಲ್ಲಿ ಎಲ್ಲರ ಪಾಲು ಕಳೆದ ಮೇಲೆ ಉಳಿದದ್ದು ಅವಳಿಗೆ.

ಏಳುಬೀಳು

ಈ ಚರಿತ್ರೆಯನ್ನು ಬರೀ ಗೆಲುವಿನ ಕಥೆಯಾಗಿ ಹೇಳಿದರೆ ಸುಳ್ಳಾಗುತ್ತದೆ. 1980ರ ದಶಕದಲ್ಲಿ ಪಶ್ಚಿಮದ ಮನೆಗಳ ಅಭಿರುಚಿ ಬದಲಾಯಿತು. ಹಗ್ಗದ ಗಂಟಿನ ಅಲಂಕಾರ ಹಳತಾಯಿತು, ಶಿಕಾ ಕೇಳುವವರು ಕಡಿಮೆಯಾದರು. ಸಾವಿರಾರು ಮೈಲಿ ದೂರದ ಒಂದು ಬೈಠಕ್ಕಿನ ಅಂದಚೆಂದ ಬದಲಾದರೆ ಬಂಗಾಳದ ಒಂದು ಒಲೆ ಆರುತ್ತದೆ. ಆಗ ಹೆಂಗಸರು ಹೊಸದನ್ನು ಕಲಿತರು. ಬುಟ್ಟಿ, ಚಾಪೆ, ಕೈಚೀಲ, ಕ್ರಿಸ್ತಜಯಂತಿಯ ಗೋದಲಿಗೆ ಸೆಣಬಿನ ಗೊಂಬೆಗಳನ್ನು ಮಾಡತೊಡಗಿದರು.

ಮಾರುಕಟ್ಟೆಯೂ ಬದಲಾಯಿತು. ಮೆಕ್ಸಿಕೋದ ಬಡ ಕಾಫಿ ಬೆಳೆಗಾರರ ನಡುವೆ ಬಾಳುತ್ತಿದ್ದ ಡಚ್ ಗುರು ಫ್ರಾನ್ಸ್ ವಾನ್ ಡೆರ್ ಹೋಫ್ ಅವರ ಪ್ರಯತ್ನದಿಂದ 1988ರಲ್ಲಿ ನೆದರ್ಲೆಂಡಿನಲ್ಲಿ ನ್ಯಾಯಬೆಲೆಯ ಕಾಫಿಗೆ ಒಂದು ಮುದ್ರೆ ಬಂದಿತು. ಮುದ್ರೆಯಿದ್ದ ಕಾಫಿ, ಚಹ, ಬಾಳೆಹಣ್ಣು ದೊಡ್ಡ ಅಂಗಡಿಗಳನ್ನು ಸೇರಿದವು. ಆದರೆ ಒಂದೊಂದೂ ಬೇರೆಯಾಗಿರುವ ಕೈಕೆಲಸಕ್ಕೆ ಅಂತಹ ಒಂದೇ ಅಳತೆಯ ಮುದ್ರೆ ಹೊಂದುವುದು ಕಷ್ಟ. ಕೈಕೆಲಸ ಹಿಂದೆ ಬಿದ್ದಿತು. ಕೆನಡಾದ 'ಟೆನ್ ಥೌಸಂಡ್ ವಿಲೇಜಸ್' ಕೇಂದ್ರ ಸಂಸ್ಥೆ 2020ರಲ್ಲಿ ಬಾಗಿಲು ಹಾಕಿತು. ಇಂಗ್ಲೆಂಡಿನ ಟ್ರೇಡ್‌ಕ್ರಾಫ್ಟ್ ಕಂಪನಿ 2023ರಲ್ಲಿ ನಿಂತುಹೋಯಿತು.

ಬಾಂಗ್ಲಾದೇಶದ ಹೆಂಗಸರ ದುಡಿಮೆಯೂ ಬೇರೆ ದಾರಿ ಹಿಡಿಯಿತು. ಹಳ್ಳಿಯಂಗಳದಲ್ಲಿ ಹೆಣೆಯುತ್ತಿದ್ದವರ ಮಗಳಂದಿರು ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಸಿದ್ಧ ಉಡುಪಿನ ಕಾರ್ಖಾನೆಗಳಿಗೆ ಹೋದರು. 2013ರ ಏಪ್ರಿಲ್ 24ರಂದು ಢಾಕಾದ ಬಳಿ ಸಾವರ್‌ನಲ್ಲಿ ರಾಣಾ ಪ್ಲಾಜಾ ಎಂಬ ಎಂಟು ಮಹಡಿಯ ಕಟ್ಟಡ ಕುಸಿಯಿತು. ಹಿಂದಿನ ದಿನವೇ ಗೋಡೆಗಳಲ್ಲಿ ಬಿರುಕು ಕಂಡಿತ್ತು. ಆದರೂ ಕೆಲಸದವರನ್ನು ಒಳಗೆ ಕಳುಹಿಸಿದ್ದರು. 1,100ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಬಹುಪಾಲು ಹೆಣ್ಣುಮಕ್ಕಳು. ಒಂದು ವಾರದ ನಂತರ, ಮೇ 1ರಂದು, ಶ್ರಮಜೀವಿ ಸಂತ ಜೋಸೆಫರ ಹಬ್ಬದ ಬಲಿಪೂಜೆಯಲ್ಲಿ ಜಗದ್ಗುರು ಫ್ರಾನ್ಸಿಸ್ ಅವರು ಈ ಸತ್ತವರನ್ನು ನೆನೆದರು. ತಿಂಗಳಿಗೆ 38 ಯೂರೋ ಸಂಬಳ ಎಂಬ ಸುದ್ದಿ ಅವರನ್ನು ಕಲಕಿತ್ತು. ಇದು ಜೀತವೇ ಸರಿ ಎಂದು ಅವರು ಹೇಳಿದರು.

ಯೋಚಿಸಿ ನೋಡಿ. ಆ ಉಡುಪುಗಳನ್ನು ಕಡಿಮೆ ಬೆಲೆಗೆ ಕೊಂಡವರಲ್ಲಿ ಕೆಟ್ಟವರು ಯಾರೂ ಇರಲಿಲ್ಲ. ನಮ್ಮ ನಿಮ್ಮಂತಹ ಸಂಸಾರಸ್ಥರೇ. ಅಗ್ಗವಾಗಿ ಸಿಕ್ಕಿತಲ್ಲ ಎಂದು ಸಂತೋಷಪಟ್ಟಿದ್ದರು ಅಷ್ಟೇ. ಆ ಅಗ್ಗದ ಉಳಿದ ಬೆಲೆಯನ್ನು ಬೇರೆ ಯಾರೋ ತೆತ್ತರು.

ನಮ್ಮ ಅಂಗಳದಲ್ಲಿ

ಇದು ದೂರದ ದೇಶದ ಕಥೆಯೆಂದು ಪುಟ ಮಗುಚುವ ಮೊದಲು ನಮ್ಮ ದೇವಾಲಯದ ವಾರ್ಷಿಕ ಹಬ್ಬವನ್ನು ನೆನೆಯೋಣ. ಗೇಟಿನ ಹೊರಗೆ ಬುಟ್ಟಿ, ಮೊರ ಹಿಡಿದು ಕುಳಿತ ಮುದುಕಿಯೊಬ್ಬಳು ಇರುತ್ತಾಳೆ. ಕರಾವಳಿಯಲ್ಲಾದರೆ ಕಾಡಿನ ಬಳ್ಳಿಯಿಂದ ಬುಟ್ಟಿ ಹೆಣೆಯುವ ಕೊರಗರು, ಒಳನಾಡಿನಲ್ಲಾದರೆ ಬಿದಿರು ಸೀಳಿ ಹೆಣೆಯುವ ಮೇದಾರರು. ಚನ್ನಪಟ್ಟಣದ ಗೊಂಬೆ ಮಾಡುವವರು, ಸಂಡೂರಿನ ಲಂಬಾಣಿ ಕಸೂತಿಯ ಹೆಣ್ಣುಮಕ್ಕಳು ನಮ್ಮ ರಾಜ್ಯದವರೇ. ದೊಡ್ಡ ಅಂಗಡಿಯಲ್ಲಿ ಚೀಟಿಯ ಮೇಲಿರುವ ಬೆಲೆಯನ್ನು ನಾವು ಮಾತಿಲ್ಲದೆ ಕೊಡುತ್ತೇವೆ. ಬುಟ್ಟಿಯ ಮುದುಕಿಯ ಹತ್ತಿರ ಹತ್ತು ರೂಪಾಯಿಗಾಗಿ ಹತ್ತು ನಿಮಿಷ ಜಗ್ಗಾಡುತ್ತೇವೆ. ಅದೇ ಹತ್ತು ರೂಪಾಯಿಯನ್ನು ಒಳಗೆ ಹೋಗಿ ಕಾಣಿಕೆ ಡಬ್ಬಿಗೆ ಹಾಕಿ ಸಮಾಧಾನಪಡುತ್ತೇವೆ.

ದಾನ ಮಾಡಬಾರದೆಂದಲ್ಲ. ಆದರೆ ಒಬ್ಬರಿಗೆ ಸಲ್ಲಬೇಕಾದದ್ದನ್ನು ಹಿಡಿದಿಟ್ಟುಕೊಂಡು ಅದರಲ್ಲೇ ದಾನ ಮಾಡಿದರೆ ಅದು ದಾನವಾಗದು. ದುಡಿದವನ ಕೂಲಿಯನ್ನು ಹೊತ್ತು ಮುಳುಗುವ ಮೊದಲು ಕೊಟ್ಟುಬಿಡಬೇಕೆಂದು ಧರ್ಮೋಪದೇಶಕಾಂಡ ಆಜ್ಞಾಪಿಸುತ್ತದೆ. ಹಿಡಿದಿಟ್ಟ ಕೂಲಿ ದೇವರಿಗೆ ಕೇಳಿಸುವಂತೆ ಕೂಗುತ್ತದೆ ಎಂದು ಸಂತ ಯಕೋಬರು ಎಚ್ಚರಿಸುತ್ತಾರೆ. ಕುಂಬಾರ, ಕಮ್ಮಾರ, ಕೆತ್ತನೆಯವರನ್ನು ಹೊಗಳುವ ಸಿರಾಖನ ಗ್ರಂಥ, ಅವರ ಕೈಕೆಲಸವೇ ಅವರ ಪ್ರಾರ್ಥನೆ ಎನ್ನುವ ಮಟ್ಟಕ್ಕೆ ಹೋಗುತ್ತದೆ. ಹಾಗಿದ್ದರೆ ಅವರೊಂದಿಗೆ ಜಗ್ಗಾಡುವಾಗ ನಾವು ಒಬ್ಬರ ಪ್ರಾರ್ಥನೆಗೇ ಬೆಲೆ ಕಡಿತಗೊಳಿಸುತ್ತಿದ್ದೇವೆ.

ಅಮೆರಿಕದ ಕಥೋಲಿಕ ಪರಿಹಾರ ಸಂಸ್ಥೆ 1990ರ ದಶಕದಲ್ಲಿ, ಮೊದಲು ಹೇಳಿದ 'ಸರ್ವ್' ಸಂಸ್ಥೆಯೊಡನೆ ಸೇರಿ ಧರ್ಮಕೇಂದ್ರಗಳಲ್ಲಿ ಬಡವರ ಕೈಕೆಲಸ ಮಾರುವ ಯೋಜನೆ ಆರಂಭಿಸಿತು. ಅದಕ್ಕೆ ಇಟ್ಟ ಹೆಸರಿನ ಅರ್ಥ 'ಮಾನವ ಕೈಗಳ ದುಡಿಮೆ' ಎಂದು. ಬಲಿಪೂಜೆಯಲ್ಲಿ ಗುರುಗಳು ರೊಟ್ಟಿಯನ್ನು ಎತ್ತಿ ಅರ್ಪಿಸುವಾಗ ಅದನ್ನು ಭೂಮಿಯ ಫಲವೆಂದೂ ಮಾನವ ದುಡಿಮೆಯ ಫಲವೆಂದೂ ಕರೆಯುತ್ತಾರಲ್ಲವೇ? ಆ ಮಾತಿನಿಂದಲೇ ಬಂದ ಹೆಸರು. ಪೀಠದ ಮೇಲೆ ನಾವು ಗೌರವಿಸುವ ಆ ದುಡಿಮೆಯನ್ನು ಗೇಟಿನ ಹೊರಗೂ ಗೌರವಿಸಬೇಡವೇ?

ನಮ್ಮ ಧರ್ಮಕೇಂದ್ರಗಳಲ್ಲೂ ಇದು ಕಷ್ಟವಲ್ಲ. ಹಬ್ಬದ ದಿನ ಇಂತಹ ಇಬ್ಬರು ಮೂವರು ಕುಶಲಕರ್ಮಿಗಳಿಗೆ ಬಾಡಿಗೆಯಿಲ್ಲದೆ ನೆರಳಿರುವ ಜಾಗ ಕೊಡಬಹುದು. ಧರ್ಮೋಪದೇಶ ತರಗತಿಯ ಮಕ್ಕಳ ಬಹುಮಾನಕ್ಕೆ, ಬೆಳ್ಳಿಹಬ್ಬದ ನೆನಪಿನ ಕಾಣಿಕೆಗೆ ಪ್ಲಾಸ್ಟಿಕ್ ಬದಲು ಅವರ ವಸ್ತುಗಳನ್ನು ಕೊಳ್ಳಬಹುದು. ಕ್ರಿಸ್ತಜಯಂತಿಯ ಗೋದಲಿಗೆ ಬೇಕಾದದ್ದನ್ನು ಮೂರು ತಿಂಗಳು ಮೊದಲೇ ಹೇಳಿ ಅರ್ಧ ಹಣ ಮುಂಗಡ ಕೊಡಬಹುದು. ಮಹಿಳಾ ಸಂಘದವರು ಒಮ್ಮೆ ಅವರ ಮನೆಗೇ ಹೋಗಿ, ಒಂದು ಬುಟ್ಟಿಗೆ ಎಷ್ಟು ಹೊತ್ತು ಹಿಡಿಯುತ್ತದೆಂದು ಪಕ್ಕದಲ್ಲಿ ಕುಳಿತು ನೋಡಿಬರಬಹುದು. ಹಾಗೆ ನೋಡಿದವರಿಗೆ ಆಮೇಲೆ ಚೌಕಾಸಿ ಮಾಡಲು ನಾಲಿಗೆ ಬಾರದು.

2025ರ ಮೇ ತಿಂಗಳಲ್ಲಿ ಆಯ್ಕೆಯಾದ ನಮ್ಮ ಜಗದ್ಗುರುಗಳು ಲಿಯೋ ಎಂಬ ಹೆಸರನ್ನು ಆರಿಸಿಕೊಂಡದ್ದು, ಕಾರ್ಮಿಕರ ಪರವಾಗಿ ಮೊದಲ ವಿಶ್ವಪತ್ರ ಬರೆದ ಹದಿಮೂರನೆಯ ಲಿಯೋ ಅವರ ನೆನಪಿನಲ್ಲಿ. ದುಡಿಯುವ ಕೈಗಳ ಘನತೆಯನ್ನು ಧರ್ಮಸಭೆ ಮರೆಯಲಾರದು ಎಂಬುದಕ್ಕೆ ಆ ಹೆಸರು ಸಾಕ್ಷಿ.

ಬರುವ ಹಬ್ಬದಂದು ಸಂತ ಜೋಸೆಫರ ಪ್ರತಿಮೆಯ ಮುಂದೆ ಮೇಣದಬತ್ತಿ ಹಚ್ಚುವಾಗ, ನಮ್ಮೂರಿನಲ್ಲಿ ಕೈಯಿಂದ ದುಡಿದು ಬಾಳುವ ಒಬ್ಬರ ಹೆಸರನ್ನು ಅವರ ಮುಂದೆ ಹೇಳೋಣ. ಹಿಂದಿರುಗುವಾಗ ಅವರಿಂದ ಒಂದು ವಸ್ತುವನ್ನು ಅವರು ಕೇಳಿದ ಬೆಲೆಗೇ ಕೊಂಡು ಮನೆಗೆ ತರೋಣ. ಆ ರಾತ್ರಿ ಅವರ ಮನೆಯ ಮಗು ಹೊಟ್ಟೆತುಂಬ ಉಂಡು ಮಲಗಲಿ. ನಜರೇತಿನ ಮನೆಯಲ್ಲೂ ಒಂದು ಮಗು ತಂದೆಯ ಕೆಲಸಕ್ಕೆ ಬಂದ ಹಣದಿಂದಲೇ ಉಂಡು ಬೆಳೆಯಿತು.